ಇಂದಿನ ಧಮ್ಮ ಚಿಂತನೆ: ಗಿಟಾರಿನ ಮೇಲಿನ ಹೆಸರು



ಜಾಕೊ ಪಾಸ್ಟೋರಿಯಸ್, ಮಾರ್ಕಸ್ ಮಿಲ್ಲರ್ ಅಂಥ ಕಲಾವಿದರ ಹೆಸರಿನಲ್ಲಿ ಕಂಪನಿಗಳು ಸಿಗ್ನೇಚರ್ ಬಾಸ್ ಗಿಟಾರ್ ಮಾರುತ್ತವೆ. ಯಾರ ಹೆಸರಿನದನ್ನು ಕೊಳ್ಳುವುದು? ಆರಿಸುವ ಮೊದಲು ಜೇಮ್ಸ್ ಜಾಮರ್ಸನ್ ಅವರನ್ನು ನೆನೆಯೋಣ.

1960ರ ದಶಕದಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಮೋಟೌನ್ ಕಂಪನಿಯ ಹಾಡುಗಳಿಗೆ ಬಾಸ್ ನುಡಿಸಿದ ಕಪ್ಪು ಕಲಾವಿದ ಅವರು. ಅವರದು ಅಂಗಡಿಯಲ್ಲಿ ಎಲ್ಲರಿಗೂ ಸಿಗುತ್ತಿದ್ದ ಫೆಂಡರ್ ಪ್ರಿಸಿಷನ್. ತಂತಿ ಮೀಟುತ್ತಿದ್ದದ್ದು ಒಂದೇ ತೋರುಬೆರಳು. ಲೋಕವೆಲ್ಲ ಆ ಹಾಡುಗಳನ್ನು ಕೇಳಿತು. ಆದರೆ ರೆಕಾರ್ಡಿನ ಹೊದಿಕೆಯಲ್ಲಿ ಅವರ ಹೆಸರು ಕಾಣಲು 1971ರ ಮಾರ್ವಿನ್ ಗೇ ಆಲ್ಬಮ್ ಬರಬೇಕಾಯಿತು.

ಹೆಸರಿಲ್ಲದ ದುಡಿಮೆ ಎಂದರೇನು ಎಂಬುದು ನಮ್ಮ ಹಿರಿಯರಿಗೆ ಗೊತ್ತು. ದುಡಿದವರ ಹೆಸರು ಹೇಳುವುದು ನ್ಯಾಯ. ಹೆಸರು ಕೊಂಡರೆ ವಿದ್ಯೆಯೂ ಬರುತ್ತದೆ ಎಂದುಕೊಳ್ಳುವುದು ತಣ್ಹಾ. 1949ರ ನವೆಂಬರ್ 25ರಂದು ಬಾಬಾಸಾಹೇಬರು ರಾಜಕೀಯದಲ್ಲಿ ವ್ಯಕ್ತಿಪೂಜೆ ಬೇಡವೆಂದು ಎಚ್ಚರಿಸಿದರು. ಆ ಎಚ್ಚರ ಅಂಗಡಿಯಲ್ಲೂ ಇರಲಿ.

ಧಮ್ಮಕ್ಕೆ ಎಹಿಪಸ್ಸಿಕೊ ಎಂಬ ಗುಣವಿದೆ: ಬಂದು ನೋಡು. ವಾದ್ಯವನ್ನೂ ಹಾಗೇ ನೋಡಿ. ಕೈಗೆ ಹೊಂದುತ್ತದೆಯೇ? ಕಿವಿಗೆ ಒಪ್ಪುತ್ತದೆಯೇ? ಮನೆಗೆ ಸಾಲದ ಹೊರೆಯಾಗುವುದಿಲ್ಲ ತಾನೇ? ಮೂರಕ್ಕೂ ಸರಿಯಾದರೆ ಸಿಗ್ನೇಚರ್ ಮಾಡೆಲ್ ಆದರೂ ತಪ್ಪಿಲ್ಲ. ಮೆಚ್ಚಿದ ಕಲಾವಿದರಿಗೆ ನಿಜವಾದ ಗೌರವ ದಿನದಿನದ ಅಭ್ಯಾಸ.

ಭವತು ಸಬ್ಬ ಮಂಗಲಂ.