ನಮ್ಮ ಶಾಲೆ ಯಾವ ಪಾಠ ಕಲಿಸುತ್ತಿದೆ?



ಹೊಸ ಶಾಲಾವರ್ಷ ಹತ್ತಿರ ಬಂತೆಂದರೆ ಧರ್ಮಕೇಂದ್ರದ ಗುರುಗಳ ಮನೆಗೆ ಬರುವವರ ಸಂಖ್ಯೆ ಹೆಚ್ಚುತ್ತದೆ. ನಾಪೋಕ್ಲುವಿನಲ್ಲೂ ಹಾಗೆಯೇ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಇರುವ ಕಥೋಲಿಕ ಶಾಲೆಯಲ್ಲಿ ಮಗುವಿಗೆ ಒಂದನೇ ತರಗತಿಗೆ ಸೀಟು ಬೇಕು, ಅದಕ್ಕೆ ಫಾದರ್ ಒಂದು ಪತ್ರ ಕೊಡಬೇಕು. ಬರುವವರು ನಮ್ಮವರಷ್ಟೇ ಅಲ್ಲ. ಕೊಡವರು ಬರುತ್ತಾರೆ, ಮುಸಲ್ಮಾನ ಬಂಧುಗಳು ಬರುತ್ತಾರೆ, ಅರೆಭಾಷೆ ಮಾತನಾಡುವ ಗೌಡರು, ಮಲಯಾಳಿಗಳು ಬರುತ್ತಾರೆ. "ಯಾಕೆ ಅದೇ ಶಾಲೆ?" ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: "ಅಲ್ಲಿ ಇಂಗ್ಲಿಷ್ ಚೆನ್ನಾಗಿದೆ ಫಾದರ್, ಶಿಸ್ತಿದೆ. ಮಕ್ಕಳಿಗೆ ಮೌಲ್ಯ ಕಲಿಸುತ್ತಾರೆ."

ಇಂಗ್ಲಿಷ್ ಎಂದರೇನೆಂದು ನನಗೆ ಗೊತ್ತು. ಶಿಸ್ತು ಎಂದರೇನೆಂಬುದೂ ಅರ್ಥವಾಗುತ್ತದೆ. ಮೌಲ್ಯ ಕಲಿಸುವುದು ಎಂದರೇನು? ಈ ಪ್ರಶ್ನೆಯನ್ನು ಇಂದು ನಿಮ್ಮೊಡನೆ ಸ್ವಲ್ಪ ಯೋಚಿಸಬೇಕೆಂದಿದ್ದೇನೆ.

ನಮ್ಮ ಶಾಲೆಗಳಲ್ಲಿ ಗಣಿತ, ವಿಜ್ಞಾನ, ಭಾಷೆಗಳ ಪಾಠಪಟ್ಟಿ ಬೇರೆ ಶಾಲೆಗಳದ್ದೇ. ಏಳು ಐದಲಿ ಮೂವತ್ತೈದು ಎಂಬುದರಲ್ಲಿ ಕಥೋಲಿಕವಾದದ್ದು ಏನೂ ಇಲ್ಲ. ವ್ಯತ್ಯಾಸ ಕಾಣುವುದು ವಾರಕ್ಕೆ ಒಂದೆರಡು ತರಗತಿಗಳಲ್ಲಿ. ಆಗ ನಮ್ಮ ಮಕ್ಕಳು ಧರ್ಮೋಪದೇಶಕ್ಕೆ ಹೋಗುತ್ತಾರೆ, ಉಳಿದವರು ನೀತಿಪಾಠಕ್ಕೆ ಕೂರುತ್ತಾರೆ. ಇದು ಸರಿಯಾದ ಏರ್ಪಾಡೇ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಯಾವ ಮಗುವಿಗೂ ಧಾರ್ಮಿಕ ಬೋಧನೆ ಕಡ್ಡಾಯ ಮಾಡಬಾರದೆಂದು ನಮ್ಮ ಸಂವಿಧಾನದ 28ನೇ ವಿಧಿ ಹೇಳುತ್ತದೆ. ವಿಶ್ವಾಸವನ್ನು ಬಲವಂತವಾಗಿ ಹೇರಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಕುರಿತ ತನ್ನ ಘೋಷಣೆಯಲ್ಲಿ ಸಾರಿತು.

ಆದರೆ ಮೌಲ್ಯವೆಂಬುದು ಆ ತರಗತಿಯೊಳಗೇ ಇದೆಯೇ? ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮಗೆ ಹೇಳಬೇಕು.

ಹಲವು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ನಾನು ಒಂದು ಪ್ರಾಥಮಿಕ ಶಾಲೆಯ ಸಂಚಾಲಕನಾಗಿದ್ದೆ. ಆಗ ನಾನು ಹೊಸ ಗುರು, ಹುರುಪು ಹೆಚ್ಚು. ಬಾಕಿ ಉಳಿದ ಶುಲ್ಕವನ್ನು ವಸೂಲು ಮಾಡಲೇಬೇಕಿತ್ತು. ಮೂರು ಸಲ ಚೀಟಿ ಕಳುಹಿಸಿದರೂ ಕೆಲವರು ಕಟ್ಟಲಿಲ್ಲ. ವಾರ್ಷಿಕ ಪರೀಕ್ಷೆಯ ದಿನ, ಶುಲ್ಕ ಕಟ್ಟದ ಮಕ್ಕಳನ್ನು ಒಳಗೆ ಬಿಡಬೇಡಿ, ಕಚೇರಿಯ ಮುಂದಿನ ಜಗುಲಿಯಲ್ಲಿ ಕೂರಿಸಿ ಎಂದು ಆಜ್ಞೆ ಮಾಡಿದೆ. ಆರು ಮಕ್ಕಳು ಪರೀಕ್ಷೆಯ ರಟ್ಟನ್ನು ಮಡಿಲಲ್ಲಿಟ್ಟುಕೊಂಡು ಸಾಲಾಗಿ ಕುಳಿತರು. ನಾನು ಒಳಗೆ ಲೆಕ್ಕದ ಪುಸ್ತಕ ನೋಡುತ್ತಿದ್ದೆ.

ಅರ್ಧ ಗಂಟೆ ಕಳೆದ ಮೇಲೆ ನಾಲ್ಕನೇ ತರಗತಿಯ ಟೀಚರ್ ಬಂದರು. ಹಿರಿಯರು, ಹೆಚ್ಚು ಮಾತಿನವರಲ್ಲ. "ಫಾದರ್, ಹೊರಗಿರುವ ಮಕ್ಕಳ ಪ್ರಶ್ನೆಪತ್ರಿಕೆಗಳು ಇಲ್ಲಿವೆ. ಯಾವಾಗ ಕೊಡಲಿ?" ಎಂದು ಕೇಳಿ, ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅಂದು ನೀತಿಪಾಠದ ಪರೀಕ್ಷೆ. ಕಣ್ಣಾಡಿಸಿದೆ. ಐದು ಅಂಕದ ಪ್ರಶ್ನೆ: ಒಳ್ಳೆಯ ಸಮಾರಿಯನ ಸಾಮತಿಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.

ಸಂತ ಲೂಕರ ಶುಭಸಂದೇಶದ ಆ ಸಾಮತಿ ನಿಮಗೆಲ್ಲರಿಗೂ ಗೊತ್ತು. ಗಾಯಗೊಂಡು ಬಿದ್ದವನನ್ನು ಕಂಡೂ ಕಾಣದಂತೆ ಮೊದಲು ಹಾದುಹೋದವನು ಯಾರು? ಒಬ್ಬ ಯಾಜಕ.

ಮಕ್ಕಳನ್ನು ಒಳಗೆ ಕಳುಹಿಸಿದೆ, ನಿಜ. ಆದರೆ ಜಗುಲಿಯ ಪಾಠ ಅಷ್ಟರಲ್ಲಿ ಮುಗಿದಿತ್ತು. ಒಳಗಿದ್ದ ಮಕ್ಕಳೂ ಕಿಟಕಿಯಿಂದ ನೋಡಿ ಆ ಪಾಠವನ್ನು ಕಲಿತಿದ್ದರು. ಆ ಆರು ಮಂದಿಯಲ್ಲಿ ಗಾರೆ ಕೆಲಸದವರೊಬ್ಬರ ಮಗನಿದ್ದ. ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ತಂದೆಗೆ ಬೇರೆಡೆ ಕೆಲಸ ಸಿಕ್ಕಿತೋ, ಆ ದಿನದ ಅವಮಾನವೋ, ನನಗೆ ತಿಳಿಯದು. ವಿಚಾರಿಸಿದಾಗ ಆ ಮನೆಯಲ್ಲಿ ಬೇರೆಯವರಿದ್ದರು.

ಪ್ರಿಯರೇ, ಸದ್ಗುಣವನ್ನು ಕಲಿಸಲು ಸಾಧ್ಯವೇ ಎಂಬುದು ಬಹಳ ಹಳೆಯ ಪ್ರಶ್ನೆ. ಪ್ಲೇಟೋ ಬರೆದ 'ಮೆನೋ' ಎಂಬ ಸಂವಾದ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಸದ್ಗುಣ ಬರುವುದು ಬೋಧನೆಯಿಂದಲೋ, ಅಭ್ಯಾಸದಿಂದಲೋ, ಹುಟ್ಟಿನಿಂದಲೋ? ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಕೊಟ್ಟ ಉತ್ತರ ಸರಳವಾದದ್ದು. ಮನೆ ಕಟ್ಟುತ್ತ ಕಟ್ಟುತ್ತ ಮನುಷ್ಯ ಮನೆ ಕಟ್ಟುವವನಾಗುತ್ತಾನೆ. ನ್ಯಾಯದ ಕೆಲಸ ಮಾಡುತ್ತ ಮಾಡುತ್ತ ನ್ಯಾಯವಂತನಾಗುತ್ತಾನೆ. ನಮ್ಮ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2017ರಲ್ಲೂ 2023ರಲ್ಲೂ ಕೊಡವ ಕುಟುಂಬಗಳ ಹಾಕಿ ಹಬ್ಬ ನಾಪೋಕ್ಲುವಿನಲ್ಲೇ ನಡೆಯಿತು. ಹಾಕಿಯ ನಿಯಮಗಳನ್ನು ಬಾಯಿಪಾಠ ಮಾಡಿದವನು ಆಟಗಾರನಾಗುತ್ತಾನೆಯೇ? ಕೋಲು ಹಿಡಿದು, ಬಿದ್ದು, ಎದ್ದು, ಹಿರಿಯರು ಆಡುವುದನ್ನು ನೋಡಿ ಕಲಿಯಬೇಕು. ಕರುಣೆಯೂ ಹಾಗೆಯೇ.

ಸಂತ ತೋಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸುತ್ತಾರೆ. ಗುಣವಾಗುವ ಶಕ್ತಿ ರೋಗಿಯ ದೇಹದೊಳಗೇ ಇದೆ. ವೈದ್ಯ ಅದಕ್ಕೆ ನೆರವಾಗುತ್ತಾನೆ. ಅದೇ ರೀತಿ ಅರಿಯುವ ಬೆಳಕನ್ನು ದೇವರು ಮಗುವಿನೊಳಗೇ ಇಟ್ಟಿದ್ದಾರೆ. ಗುರು ಹೊರಗಿನಿಂದ ನೆರವಾಗುತ್ತಾನೆ. ಈ ಮಾತು ನಿಜವಾದರೆ ಇನ್ನೊಂದು ಮಾತೂ ನಿಜ. ನೆರವಾಗಬೇಕಾದ ವೈದ್ಯ ಹಾನಿಯನ್ನೂ ಮಾಡಬಲ್ಲ. ದಯೆ ಎಂಬ ಪದವನ್ನು ಹಲಗೆಯ ಮೇಲೆ ಬರೆದು, ಕಿಟಕಿಯಾಚೆ ನಿರ್ದಯೆಯನ್ನು ತೋರಿಸಿದರೆ ಮಗು ಕಲಿಯುವುದು ಎರಡನ್ನೂ ಅಲ್ಲ. ಈ ಎರಡಕ್ಕೂ ಸಂಬಂಧವಿಲ್ಲವೆಂಬ ಮೂರನೆಯ ಪಾಠವನ್ನು ಅದು ಕಲಿಯುತ್ತದೆ. ಒಳ್ಳೆಯ ಮಾತು ಪರೀಕ್ಷೆಗೆ, ಬದುಕಿಗೆ ಬೇರೆ ಲೆಕ್ಕ. ಇದಕ್ಕಿಂತ ಕೆಟ್ಟ ನೀತಿಪಾಠ ಯಾವುದಿದೆ?

ಈಗ ಕಾನೂನಿನ ವಿಚಾರಕ್ಕೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳ ಒಂದನೇ ತರಗತಿಯಲ್ಲಿ ಕನಿಷ್ಠ 25 ಶೇಕಡಾ ಸೀಟುಗಳನ್ನು ಬಡವರ ಮತ್ತು ಹಿಂದುಳಿದವರ ಮಕ್ಕಳಿಗೆ ಕೊಡಬೇಕೆಂದಿತು. ಅದೇ ಕಾಯಿದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದೆಂದಿತು. ಆದರೆ ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಆದ್ದರಿಂದ ಈ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ತೀರ್ಪಿತ್ತಿತು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ಪ್ರಶ್ನೆಯನ್ನು ದೊಡ್ಡ ಪೀಠ ಪರಿಶೀಲಿಸಬೇಕೆಂದು ಹೇಳಿತು.

30ನೇ ವಿಧಿ ನಮಗೆ ಅಮೂಲ್ಯವಾದ ರಕ್ಷಣೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನನ್ನ ಪ್ರಶ್ನೆ ಬೇರೆ. ಕಾನೂನು ಒಂದು ಹೊರೆಯನ್ನು ನಮ್ಮ ಹೆಗಲಿನಿಂದ ಇಳಿಸಿತೆಂದರೆ ಮನಸ್ಸಾಕ್ಷಿಯೂ ಇಳಿಸಿತೆಂದು ಅರ್ಥವೇ? ಹಕ್ಕು ಯಾವುದಕ್ಕಾಗಿ? ನಮ್ಮ ಧ್ಯೇಯವನ್ನು ನಾವೇ ಮುಕ್ತವಾಗಿ ನೆರವೇರಿಸಲಿ ಎಂಬುದಕ್ಕಾಗಿ. ಆ ಧ್ಯೇಯ ಏನೆಂಬುದನ್ನು ಮಹಾಸಭೆ 1965ರ ಅಕ್ಟೋಬರ್ 28ರಂದು ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯಲ್ಲಿ ಹೇಳಿದೆ. ಲೋಕದ ಸಂಪತ್ತಿಲ್ಲದ ಬಡವರು, ಕುಟುಂಬದ ಆಸರೆ ಪ್ರೀತಿಗಳಿಲ್ಲದವರು, ನಮ್ಮ ವಿಶ್ವಾಸಕ್ಕೆ ಸೇರದವರು, ಇವರನ್ನು ಕಥೋಲಿಕ ಶಾಲೆ ವಿಶೇಷವಾಗಿ ನೋಡಿಕೊಳ್ಳಬೇಕು. ಕಾಯಿದೆ ಶೇಕಡಾ ಲೆಕ್ಕದಲ್ಲಿ ಕೇಳಿದ್ದನ್ನು ಧರ್ಮಸಭೆ ಲೆಕ್ಕವಿಲ್ಲದೆ ಕೇಳಿದೆ. ಬಾಗಿಲು ಮುಚ್ಚಲು ನಾವು ಹಕ್ಕನ್ನು ಬಳಸಿದರೆ, ಹಕ್ಕು ಉಳಿದೀತು, ಅದರ ಕಾರಣ ಅಳಿದೀತು.

ಪರಂಪರೆಯೂ ಇದನ್ನೇ ಹೇಳುತ್ತದೆ. ಸಂತ ಜೋಸೆಫ್ ಕಲಸಾಂಜರು 1597ರಲ್ಲಿ ರೋಮಿನ ಟ್ರಾಸ್ಟೆವೆರೆ ಬಡಾವಣೆಯಲ್ಲಿ ಬಡ ಮಕ್ಕಳಿಗಾಗಿ ಉಚಿತ ಶಾಲೆ ತೆರೆದರು. ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಅವರು ಲ್ಯಾಟಿನ್ ಬದಲು ಮಕ್ಕಳ ಮಾತೃಭಾಷೆಯಲ್ಲೇ ಓದು ಕಲಿಸಿದರು. ಹಣ ಪಡೆದು ಬರವಣಿಗೆ ಕಲಿಸುತ್ತಿದ್ದವರು ಅವರ ಉಚಿತ ಶಾಲೆಗಳ ವಿರುದ್ಧ ಪ್ಯಾರಿಸ್ಸಿನಲ್ಲಿ ದಾವೆ ಹೂಡಿದರು. 1950ರಲ್ಲಿ ಧರ್ಮಸಭೆ ಶಿಕ್ಷಕರೆಲ್ಲರ ಪಾಲಕರೆಂದು ಘೋಷಿಸಿದ್ದು ಈ ಸಂತರನ್ನೇ.

"ಫಾದರ್, ಮಾತು ಚೆನ್ನಾಗಿದೆ. ಆದರೆ ಶುಲ್ಕವಿಲ್ಲದೆ ಶಾಲೆ ನಡೆಯುತ್ತದೆಯೇ?" ಎಂದು ನೀವು ಕೇಳಬಹುದು. ಕೇಳಲೇಬೇಕು. ಅನುದಾನವಿಲ್ಲದ ಶಾಲೆಯಲ್ಲಿ ಶಿಕ್ಷಕರ ಸಂಬಳ ಬರುವುದು ಮಕ್ಕಳ ಶುಲ್ಕದಿಂದಲೇ. ಅಂದು ನನ್ನ ಮೇಜಿನ ಮೇಲೆ ಪ್ರಶ್ನೆಪತ್ರಿಕೆ ಇಟ್ಟುಹೋದ ಟೀಚರಿಗೂ ಮನೆಬಾಡಿಗೆ ಇತ್ತು, ಮಕ್ಕಳಿದ್ದರು. ಕೆಲಸಗಾರರ ಕೂಲಿಯನ್ನು ತಡೆಹಿಡಿಯುವುದು ದೇವರಿಗೆ ಮೊರೆಯಿಡುವ ಪಾಪ. ಬಡವರಿಗೆ ದಯೆ ತೋರಲು ಟೀಚರಿಗೆ ಅನ್ಯಾಯ ಮಾಡಿದರೆ ಅದು ದಯೆಯಲ್ಲ, ಬೇರೆಯವರ ಖರ್ಚಿನಲ್ಲಿ ಮಾಡಿದ ದಾನ. ಕಟ್ಟಬಲ್ಲವರು ಸುಮ್ಮನೆ ಬಾಕಿ ಉಳಿಸುವುದೂ ಅನ್ಯಾಯವೇ. ಅಂಥವರಿಗೆ ಹೊಸ ಬೈಕಿಗೆ ಹಣವಿರುತ್ತದೆ, ಶಾಲೆಗೆ ಇರುವುದಿಲ್ಲ.

ಆದ್ದರಿಂದ ಎಲ್ಲವನ್ನೂ ಉಚಿತ ಮಾಡಿ ಎನ್ನುವಷ್ಟು ಸುಲಭವಾದ ಉತ್ತರ ನನ್ನಲ್ಲಿಲ್ಲ. ಆದರೆ ಒಂದು ಗೆರೆ ಮಾತ್ರ ಈಗ ನನಗೆ ಸ್ಪಷ್ಟವಾಗಿ ಕಾಣುತ್ತದೆ. ನ್ಯಾಯವೆಂದರೆ ಅವರವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು. ಸಾಲವನ್ನು ತೀರಿಸಬೇಕಾದವನು ಸಾಲಗಾರ. ಶುಲ್ಕದ ಕರಾರು ಶಾಲೆಗೂ ಹೆತ್ತವರಿಗೂ ನಡುವೆ ಆದದ್ದು. ಎಂಟು ವರ್ಷದ ಮಗು ಅದಕ್ಕೆ ಸಹಿ ಹಾಕಿಲ್ಲ. ತಂದೆಯ ದೋಷವನ್ನು ಮಗ ಹೊರಬೇಕಾಗಿಲ್ಲವೆಂದು ಪ್ರವಾದಿ ಯೆಜೆಕಿಯೇಲರು ಸಾರಿದರು. ತಂದೆಯದು ದೋಷವೇ ಅಲ್ಲ, ಬರೀ ಬಡತನವಾದರೆ ಇನ್ನೇನು ಹೇಳುವುದು? ಹೆತ್ತವರನ್ನು ಕರೆಸಿ, ಮಾತನಾಡಿ, ಕಂತು ಮಾಡಿ, ತಿಳಿದು ತಿಳಿದು ಕಟ್ಟದವರನ್ನು ದೃಢವಾಗಿ ಕೇಳಿ. ದೊಡ್ಡವರ ಲೆಕ್ಕ ದೊಡ್ಡವರ ನಡುವೆಯೇ ಇರಲಿ. ಮಗುವಿನ ಹೆಸರನ್ನು ಸಾಲಿನಲ್ಲಿ ನಿಲ್ಲಿಸಿ ಓದಬಾರದು, ಅದರ ಬೆಂಚು ಖಾಲಿಯಾಗಬಾರದು. ಕೊರತೆ ಬಿದ್ದದ್ದನ್ನು ಧರ್ಮಕೇಂದ್ರ ಹಂಚಿಕೊಳ್ಳಲಿ. ಹಬ್ಬದ ದೀಪಾಲಂಕಾರಕ್ಕೆ ಕೂಡುವ ಹಣ ಒಂದು ಮಗುವಿನ ಬೆಂಚಿಗೆ ಕೂಡಲಾರದೇ?

ಇದು ಶಾಲೆಯ ಮಾತಾಯಿತು. ಮನೆಯ ಮಾತು ಉಳಿದಿದೆ. ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಗಳೆಂದು ಅದೇ ಮಹಾಸಭೆ ಹೇಳಿದೆ. ನಮ್ಮ ಸುತ್ತಲಿನ ತೋಟಗಳನ್ನು ನೋಡಿ. ಕಾಫಿ ಕೊಯ್ಲಿನ ದಿನಗಳಲ್ಲಿ ಲೈನ್ ಮನೆಗಳಲ್ಲಿ ಎರವರ, ಕುರುಬರ ಮಕ್ಕಳ ಜೊತೆಗೆ ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳೂ ಇರುತ್ತಾರೆ. ಹೆತ್ತವರು ಹೊಸ ತೋಟಕ್ಕೆ ಹೋದರೆ ಮಕ್ಕಳ ಓದು ಅಲ್ಲಿಗೆ ನಿಲ್ಲುತ್ತದೆ. ನನ್ನ ಬಳಿ ಶಿಫಾರಸು ಪತ್ರ ಕೇಳಲು ಈ ಮಕ್ಕಳ ತಂದೆತಾಯಿ ಒಬ್ಬರೂ ಬಂದಿಲ್ಲ. ಕೇಳಬಹುದೆಂದೇ ಅವರಿಗೆ ಗೊತ್ತಿಲ್ಲ. ನಮ್ಮ ಮಗುವಿನ ಬೆಂಚಿನಲ್ಲಿ ಅಂಥ ಮಗು ಕುಳಿತರೆ ನಮಗೆ ಸಂತೋಷವಾಗುತ್ತದೆಯೇ, ಇಲ್ಲ "ಶಾಲೆಯ ಮಟ್ಟ ಇಳಿಯಿತು" ಎನ್ನುತ್ತೇವೆಯೇ? ಮನೆಗೆಲಸದವಳಿಗೆ ಯಾವ ಲೋಟದಲ್ಲಿ ಕಾಫಿ ಕೊಡುತ್ತೇವೆ? ವಯಸ್ಸಾದ ಆಳನ್ನು ಏಕವಚನದಲ್ಲಿ ಕರೆಯುತ್ತೇವೆಯೇ? ಇವು ಯಾವ ಪಾಠಪಟ್ಟಿಯಲ್ಲೂ ಇಲ್ಲ. ಆದರೂ ಮಕ್ಕಳು ದಿನವೂ ಕಲಿಯುವ ಪಾಠಗಳು ಇವೇ.

2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದು ಕೊಡಗು ಕಂಗೆಟ್ಟಾಗ, ಪರಿಹಾರ ಕೇಂದ್ರಗಳಲ್ಲಿ ತೋಟದ ಮಾಲೀಕರೂ ಕೂಲಿಯವರೂ ಒಂದೇ ಚಾಪೆಯ ಮೇಲೆ ಕುಳಿತು ಉಂಡರು. ಆ ದಿನಗಳನ್ನು ಕಂಡ ಮಕ್ಕಳಿಗೆ ನೆರೆಯವನು ಯಾರೆಂದು ಯಾರೂ ಬರೆಸಬೇಕಾಗಿರಲಿಲ್ಲ. ಅಂಥ ಪಾಠಕ್ಕೆ ಬೆಟ್ಟ ಕುಸಿಯುವವರೆಗೆ ಕಾಯಬೇಕೇ?

ಇನ್ನು ಮುಂದೆ ಶಿಫಾರಸು ಪತ್ರಕ್ಕಾಗಿ ಬರುವ ನಮ್ಮ ಕುಟುಂಬಗಳಿಗೆ ನಾನು ಒಂದು ಮಾತು ಕೇಳಬೇಕೆಂದಿದ್ದೇನೆ. ನಿಮ್ಮ ಮಗುವಿನ ಜೊತೆಗೆ, ನಿಮ್ಮ ತೋಟದಲ್ಲೋ ಬೀದಿಯಲ್ಲೋ ಇರುವ ಇನ್ನೊಂದು ಮಗುವಿನ ಹೆಸರನ್ನೂ ತನ್ನಿ. ಎರಡು ಪತ್ರ ಬರೆಯುತ್ತೇನೆ. ಸೀಟು ಸಿಗುತ್ತದೆಂದು ಭರವಸೆ ಕೊಡಲಾರೆ. ಆದರೆ ಬಾಗಿಲು ತಟ್ಟೋಣ. ತಟ್ಟುವಾಗ ನಿಮ್ಮ ಮಗು ನಿಮ್ಮ ಕೈಹಿಡಿದು ಪಕ್ಕದಲ್ಲೇ ನಿಂತಿರಲಿ.

ಪ್ರಭು ಯೇಸು ಒಂದು ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸಿದರು. ಆ ಮಗು ಯಾರದೆಂದು ಶುಭಸಂದೇಶ ಹೇಳುವುದಿಲ್ಲ. ಅದರ ತಂದೆ ಬಾಕಿ ತೀರಿಸಿದ್ದನೋ ಇಲ್ಲವೋ, ಅದನ್ನೂ ಹೇಳುವುದಿಲ್ಲ. ಇಂದು ರಾತ್ರಿ ಮನೆಯಲ್ಲಿ ಜಪಸರ ಹೇಳುವಾಗ, ನಾನು ಜಗುಲಿಯಲ್ಲಿ ಕೂರಿಸಿದ ಆ ಆರು ಮಕ್ಕಳಿಗಾಗಿ ಒಂದು ನಮೋಮರಿಯ ಹೇಳಿ. ನನಗಾಗಿಯೂ ಒಂದು.