ನೀಲಿ ಉರಿಯ ಲೆಕ್ಕ

ಗೋವಿನಕೋವಿಯ ಅಡುಗೆಮನೆಯಲ್ಲಿ ಅವ್ವನ ಪ್ರಯೋಗಾಲಯ ಕಣ್ಣೇ. ಗ್ಯಾಸಿನ ಉರಿ ನೀಲಿಯಿದ್ದರೆ ಮಾತಿಲ್ಲ. ಹಳದಿ ತಿರುಗಿತೋ, "ಬರ್ನರ್ ಕಟ್ಟೇತಿ ನೋಡು, ಪಾತ್ರಿ ತಳ ಕರ್ರಗಾಗ್ತತಿ" ಅನ್ನುತ್ತಾಳೆ.

*

ಉರಿಯೊಳಗೆ ಹೆಚ್ಚು ದುಡಿಯುವುದು ಕಣ್ಣಿಗೆ ಬೀಳುವುದಿಲ್ಲ. ಓಎಚ್ ಎಂಬ ರ‍್ಯಾಡಿಕಲ್ (ಜೋಡಿಯಿಲ್ಲದ ಎಲೆಕ್ಟ್ರಾನಿರುವ ತುಣುಕು) ಹೊಳೆಯುವುದು 308 ನ್ಯಾನೊಮೀಟರಿನ ಆಸುಪಾಸು, ಅತಿನೇರಳೆಯಲ್ಲಿ. ಸಿಕ್ಕ ಹೈಡ್ರೋಕಾರ್ಬನ್ನಿನಿಂದ ಒಂದು ಹೈಡ್ರೋಜನ್ ಕಿತ್ತುಕೊಂಡು ನೀರಾಗಿ ಸುಮ್ಮನಾಗುತ್ತದೆ. ಕಳಕೊಂಡದ್ದು ಈಗ ತಾನೇ ರ‍್ಯಾಡಿಕಲ್.

*

ಉರಿಯೆಂದರೆ ಹೊನ್ನಾಳಿ ಸಂತೆ. ಅಲ್ಲಿ ಒಬ್ಬನ ಮಾತು ಬೇರೆ ಮಾಡಿ ಕೇಳಲಾಗದು. ಈ ಕಿತ್ತಾಟದ ವೇಗ ಅಳೆಯುವವರು ಅದಕ್ಕೇ ಗದ್ದಲ ತೆಗೆಯುತ್ತಾರೆ. ಬಹುಪಾಲು ಆರ್ಗಾನ್, ಚೂರು ಹೈಡ್ರೋಕಾರ್ಬನ್, ಅದಕ್ಕಿಂತ ಎಷ್ಟೋ ಕಡಿಮೆ ಓಎಚ್. ಆಗ ಕರಗುವುದು ಓಎಚ್ ಒಂದೇ. ಅದನ್ನು ಲೇಸರ್ ಎಣಿಸುತ್ತದೆ.

*

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಅದುಮಿದ ಗಾಳಿಯ ಬಿಸಿಯೇ ಸಾಕು. ಆ ಅಳತೆ ನಡೆಯುವ ಆಘಾತ ಕೊಳವೆಯೂ ಅದೇ ಜಾತಿ. ಒಂದು ಕಡೆ ಒತ್ತಿ ತುಂಬಿದ ಹೀಲಿಯಂ, ಇನ್ನೊಂದು ಕಡೆ ಆ ಆರ್ಗಾನ್ ಮಿಶ್ರಣ, ನಡುವೆ ಅಲ್ಯೂಮಿನಿಯಂ ತಗಡು, ತಗಡಿನ ಮೇಲೆ ಕೂಡಿಸುವ ಚಿಹ್ನೆಯಂಥ ಗೀರು. ಒತ್ತಡ ಮೀರಿದಾಗ ತಗಡು ಗೀರಿನುದ್ದಕ್ಕೂ ಹರಿದು ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ. ಆಗ ಏಳುವ ಆಘಾತದ ಅಲೆ ಕೊನೆಯ ಗೋಡೆಗೆ ಬಡಿದು ಮರಳುವಷ್ಟರಲ್ಲಿ ಬಿಸಿ ಸಾವಿರ ಡಿಗ್ರಿ ದಾಟಿರುತ್ತದೆ. ಅದು ನಿಲ್ಲುವುದು ಒಂದೆರಡು ಮಿಲಿಸೆಕೆಂಡು. ಆಮೇಲೆ ಕೊಳವೆ ಬಿಚ್ಚು, ಒರೆಸು, ಹೊಸ ತಗಡು ಕೂರಿಸು, ಗಾಳಿ ಎಳೆ. ಬೆಳಗಿನಿಂದ ಸಂಜೆಯವರೆಗೆ ದುಡಿದು ಗಳಿಸಿದ್ದು ಕಣ್ಣೆವೆಯಿಕ್ಕುವಷ್ಟೂ ಇಲ್ಲ.

*

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ರಾಜಕುಮಾರ್, ಕೆ.ಪಿ.ಜೆ. ರೆಡ್ಡಿ, ಇ. ಅರುಣನ್ ಇಂಥದೇ ಕೊಳವೆಯಲ್ಲಿ 1,2-ಡೈಕ್ಲೋರೊಈಥೇನ್ ಒಡೆಯುವ ವೇಗ ಅಳೆದು 2002ರಲ್ಲಿ ಪ್ರಕಟಿಸಿದರು. ಅವರು ಅಳೆದದ್ದು ರ‍್ಯಾಡಿಕಲ್‌ಗಳ ಕಿತ್ತಾಟವನ್ನಲ್ಲ, ಅಣು ತಾನಾಗಿ ಹೈಡ್ರೋಜನ್ ಕ್ಲೋರೈಡ್ ಕಳಚಿಕೊಳ್ಳುವುದನ್ನು. ಆಘಾತದ ಅಲೆ ವಿಮಾನ ಶಾಸ್ತ್ರದವರ ಸೊತ್ತು, ಅಣು ರಸಾಯನದವರದು. ನೆರೆಹೊರೆ ಸರಿಯಿದ್ದರೆ ಹೀಗೂ ಆಗುತ್ತದೆ.

*

ಬಿಸಿ ಏರಿದರೆ ವೇಗ ಎಷ್ಟು ಏರುತ್ತದೆಂದು 1889ರಲ್ಲಿ ರಸಾಯನಜ್ಞ ಅರೀನಿಯಸ್ ಸೂತ್ರ ಕೊಟ್ಟ. ವೇಗದ ಲಾಗರಿದಮ್ಮನ್ನು ತಾಪದ ವಿಲೋಮದೆದುರು ಗುರುತಿಸಿದರೆ ಗೀಟು ನೇರ ಬರಬೇಕು. ಮೀಥೇನಿನ ಮೇಲೆ ಓಎಚ್ ಬಿದ್ದಾಗ ಮಾತ್ರ, ತಾಪ ಹೆಚ್ಚಿದಂತೆ ಗೀಟು ಮೇಲಕ್ಕೆ ಬಾಗುತ್ತದೆ. ತಣ್ಣಗಿದ್ದಾಗಿನ ಅಂಕಿ ಹಿಡಿದು ಬಿಸಿಯದನ್ನು ಊಹಿಸಿದವನು ಕಡಿಮೆ ಹೇಳಿ ಸಿಕ್ಕಿಬೀಳುತ್ತಾನೆ. ಕೊಳವೆಯ ತಾಪತ್ರಯವೆಲ್ಲ ಈ ಬಾಗಿಗಾಗಿ.

*

ಆಕ್ಸಿಜನ್ ಸಾಲದಿದ್ದರೆ ಇಂಗಾಲದ ತುಣುಕುಗಳು ಒಂದಕ್ಕೊಂದು ಅಂಟಿ ಮಸಿಯಾಗುತ್ತವೆ. ಅವ್ವ ಪಿನ್ನಿನಿಂದ ಬರ್ನರಿನ ತೂತು ಚುಚ್ಚಿದಳು, ಊದಿದಳು, ಕಡ್ಡಿ ಗೀರಿದಳು.