ತಕ್ಕಡಿಯನ್ನು ತೂಗುವವರು ಯಾರು?

ರೆಕಾರ್ಡ್ ಪ್ಲೇಯರಿನ ಡೆನಾನ್ ಡಿಎಲ್-103 ಕಾರ್ಟ್ರಿಜ್‌ನ ಸೂಜಿ ರೆಕಾರ್ಡಿನ ಮೇಲೆ 2.5 ಗ್ರಾಂ ಭಾರ ಊರಬೇಕು, 0.3 ಗ್ರಾಂ ಹೆಚ್ಚುಕಡಿಮೆಯಾದರೆ ಅಡ್ಡಿಯಿಲ್ಲ. ಈ ಭಾರ ಅಳೆಯುವ ಪುಟ್ಟ ಡಿಜಿಟಲ್ ಮಾಪಕ 2.50 ಎಂದು ತೋರಿಸಿತು ಅನ್ನಿ. ಆ ಮಾಪಕವನ್ನು ನಂಬುವುದು ಹೇಗೆ?

ಬೌದ್ಧ ದಾರ್ಶನಿಕ ನಾಗಾರ್ಜುನ ‘ವಿಗ್ರಹವ್ಯಾವರ್ತನಿ’ಯಲ್ಲಿ ಕೆದಕಿದ್ದು ಇದನ್ನೇ: ಪ್ರಮಾಣಕ್ಕೆ, ಅಂದರೆ ಅರಿವಿನ ಸಾಧನಕ್ಕೆ, ಮತ್ತೊಂದು ಪ್ರಮಾಣ ಬೇಕೆಂದರೆ ಆ ಸರಪಳಿಗೆ ಕೊನೆಯೆಲ್ಲಿ? ನ್ಯಾಯ ದರ್ಶನದ ಮೂಲಗ್ರಂಥ ನ್ಯಾಯಸೂತ್ರ ಈ ಚರ್ಚೆಗೆ ತಕ್ಕಡಿಯನ್ನೇ ತರುತ್ತದೆ. ಚಿನ್ನ ತೂಗುವಾಗ ಅದು ಪ್ರಮಾಣ. ತೂಕ ಗೊತ್ತಿರುವ ಚಿನ್ನವಿಟ್ಟು ತಕ್ಕಡಿಯನ್ನೇ ಪರೀಕ್ಷಿಸಿದಾಗ ಪ್ರಮೇಯ, ಅಂದರೆ ಅರಿಯಬೇಕಾದ ವಸ್ತು. ಹಲವು ಮಾಪಕಗಳ ಜೊತೆ ಬರುವ 5 ಗ್ರಾಂ ತೂಕದ ಬಟ್ಟು ಮಾಡುವ ಕೆಲಸವೂ ಇದೇ.

ಬಟ್ಟಿಗೂ ಸಿಕ್ಕದ ಮೋಸಗಳಿವೆ. ಮಾಪಕದಲ್ಲಿ ಉಕ್ಕಿನ ಭಾಗಗಳಿದ್ದರೆ ಕಾರ್ಟ್ರಿಜ್ ಒಳಗಿನ ಅಯಸ್ಕಾಂತ ಅವನ್ನು ಸೆಳೆದು ಅಂಕಿ ಕೆಡಿಸುತ್ತದೆ. ಸೂಜಿ ಕೂರುವ ತಟ್ಟೆ ರೆಕಾರ್ಡಿಗಿಂತ ಎತ್ತರದಲ್ಲಿದ್ದರೂ, ಕಾರ್ಟ್ರಿಜ್ ಹೊರುವ ತೋಳುಗಳಾದ ಟೋನ್‌ಆರ್ಮ್‌ಗಳಲ್ಲಿ ಕೆಲವದರಲ್ಲಿ ಅಳತೆ ಬದಲಾಗುತ್ತದೆ. ಕೊಳ್ಳುವವರು ದಶಾಂಶಗಳಿಗೆ ಮರುಳಾಗುವ ಮುನ್ನ ಈ ಎರಡನ್ನು ವಿಚಾರಿಸುವುದು ಲೇಸು.